ಎಲ್4-ಎಲ್5 ಬಲ್ಜ್ ಇದ್ದರೆ ಕೈರೋಪ್ರಾಕ್ಟಿಕ್ ಮಾಡಿಸಬಹುದಾ? ಅಮ್ಮನ ಕುತ್ತಿಗೆಗೂ ಮಾಡ್ತೀವಿ ಅಂತಿದಾರೆ

ತುಂಗಾತೀರ

ನಮಸ್ಕಾರ. ಅಣ್ಣನಿಗೆ 41 ವರ್ಷ. ಐದು ವಾರದಿಂದ ಸೊಂಟ ಹಿಡಿದುಕೊಂಡಿದೆ, ನೋವು ಎಡಗಡೆ ಕುಂಡಿಯಿಂದ ಮೀನಖಂಡದವರೆಗೂ ಇಳಿಯುತ್ತೆ. ಕೂತರೆ ಜಾಸ್ತಿ, ಓಡಾಡಿದರೆ ಸ್ವಲ್ಪ ಕಮ್ಮಿ. ಎಂಆರ್‌ಐನಲ್ಲಿ ಎಲ್4-ಎಲ್5 (ಸೊಂಟದ ನಾಲ್ಕನೇ, ಐದನೇ ಮಣಿ ನಡುವೆ) ಡಿಸ್ಕ್ ಬಲ್ಜ್, ಎಡಗಡೆ ನರಕ್ಕೆ ತಾಗಿದೆ ಅಂತ ಬಂದಿದೆ. ಮೂಳೆ ಡಾಕ್ಟರು ಆಪರೇಷನ್ ಬೇಡ, ಮಾತ್ರೆ ತಗೊಂಡು ಫಿಸಿಯೋಥೆರಪಿ ಮಾಡಿಸಿ ಅಂದರು.

ಈಗ ಒಂದು ಕೈರೋಪ್ರಾಕ್ಟಿಕ್ (ಬೆನ್ನು, ಕುತ್ತಿಗೆಯನ್ನು ಕೈಯಲ್ಲಿ ಒತ್ತಿ, ತಿರುಗಿಸಿ ಮಾಡುವ ಚಿಕಿತ್ಸೆ) ಸೆಂಟರಿನವರು ಎಂಆರ್‌ಐ ಫೋಟೋ ವಾಟ್ಸ್ಆಪ್‌ನಲ್ಲಿ ನೋಡಿ "ಮೂಳೆ ಜರುಗಿದೆ, ಕೂರಿಸ್ತೀವಿ, 24 ಸಿಟ್ಟಿಂಗ್ ಪ್ಯಾಕೇಜ್, ದುಡ್ಡು ಮೊದಲೇ ಕಟ್ಟಬೇಕು" ಅಂತಿದಾರೆ. ಅಮ್ಮನಿಗೂ (66) ಕುತ್ತಿಗೆ ನೋವಿದೆ. ಅವರನ್ನೂ ಕರ್ಕೊಂಡು ಬನ್ನಿ ಅಂದರು. ಅಮ್ಮನಿಗೆ ಬಿಪಿ ಇದೆ, ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಮಾಡುವ ಮಾತ್ರೆ ನಡೀತಿದೆ.

ನನ್ನ ಪ್ರಶ್ನೆಗಳು: ಮೂಳೆ ಜರುಗೋದು ನಿಜವಾ? ಟಕ್ ಅಂತ ಸದ್ದು ಬಂದರೆ ಕೂತಿತು ಅಂತಾನಾ? ಬಲ್ಜ್ ಇರುವವರಿಗೆ ಮಾಡಬಹುದಾ? ಎಷ್ಟು ಸಲ ಬೇಕಾಗುತ್ತೆ? ಮಾಡುವವರು ಡಾಕ್ಟರಾ? ಅಮ್ಮನ ಕುತ್ತಿಗೆ ಮುಟ್ಟಿಸಬಹುದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಫಿಸಿಯೋ_ಮೈಸೂರು

ಮೂಳೆ ಜರುಗಿದೆ ಅನ್ನುವ ಮಾತನ್ನು ಮೊದಲು ಬದಿಗಿಡಿ. ಬೆನ್ನಿನ ಮಣಿ ನಿಜವಾಗಿ ಮುಂದಕ್ಕೆ ಜರುಗುವ ತೊಂದರೆ ಒಂದಿದೆ, ಸ್ಪಾಂಡಿಲೋಲಿಸ್ಥೆಸಿಸ್ ಅಂತ. ಅದು ಎಕ್ಸ್‌ರೇಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವಷ್ಟು ಸ್ಪಷ್ಟವಾಗಿ ಕಾಣುತ್ತೆ, ಮತ್ತು ಅದನ್ನು ಯಾರೂ ಕೈಯಲ್ಲಿ ಒತ್ತಿ ಹಿಂದಕ್ಕೆ ಕೂರಿಸಲಾರರು. ನೀವು ಹೇಳಿದ ರಿಪೋರ್ಟಿನಲ್ಲಿ ಅದರ ಮಾತೇ ಇಲ್ಲ. ಬಲ್ಜ್ ಅಂದರೆ ಎರಡು ಮಣಿಗಳ ನಡುವಿನ ಡಿಸ್ಕಿನ ಹೊರಗಿನ ನಾರಿನ ಉಂಗುರ ತನ್ನ ಅಂಚು ದಾಟಿ ಉಬ್ಬಿರುವುದು. ಡಿಸ್ಕು ಮೇಲಿನ ಮಣಿಗೂ ಕೆಳಗಿನ ಮಣಿಗೂ ಬೆಸೆದುಕೊಂಡೇ ಇರುತ್ತೆ. 'ಸ್ಲಿಪ್ ಡಿಸ್ಕ್' ಅನ್ನುವ ಹೆಸರು ಎಷ್ಟೊಂದು ಜನರಲ್ಲಿ ಇಲ್ಲದ ಭಯ ಹುಟ್ಟಿಸಿದೆ.

ನೋವೇ ಇಲ್ಲದವರ ಸ್ಕ್ಯಾನುಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನಲ್ಲೇ ಶೇ 30 ಜನರಿಗೆ ಬಲ್ಜ್, 40ಕ್ಕೆ ಬರುವಷ್ಟರಲ್ಲಿ ಶೇ 50, 80ಕ್ಕೆ ಶೇ 84. ಆದ್ದರಿಂದ ಬರೀ ಎಂಆರ್‌ಐ ಫೋಟೋ ನೋಡಿ ಚಿಕಿತ್ಸೆ ನಿರ್ಧರಿಸಿದವರು, ಅದು ಯಾವ ಪದ್ಧತಿಯವರೇ ಆಗಲಿ, ಅರ್ಧ ಕೆಲಸವನ್ನೂ ಮಾಡಿಲ್ಲ.

ಸದ್ದಿನ ವಿಷಯ. ಬೆನ್ನಿನ ಹಿಂಭಾಗದಲ್ಲಿ ಮಣಿ ಮಣಿಗೂ ಎರಡೆರಡು ಸಣ್ಣ ಕೀಲುಗಳಿವೆ. ಅವುಗಳ ಚೀಲದೊಳಗೆ ಮೊಟ್ಟೆಯ ಬಿಳಿಯಂಥ ಅಂಟು ದ್ರವ ಇರುತ್ತೆ. ಕೀಲಿನ ಎರಡು ಮುಖಗಳನ್ನು ಥಟ್ಟನೆ ಅಗಲಿಸಿದಾಗ ಒಳಗಿನ ಒತ್ತಡ ಇಳಿದು ಅನಿಲದ ಒಂದು ಪೊಳ್ಳು ಮೂಡುತ್ತೆ, ಆಗ ಆ ಸದ್ದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ಕೀಲನ್ನು ಎಳೆಯುತ್ತಲೇ ಎಂಆರ್‌ಐ ತೆಗೆದು ಇದನ್ನು ತೋರಿಸಿದರು. ನಾವು ಬೆರಳಿನ ನೆಟಿಗೆ ಮುರಿಯುವುದೂ ಇದೇ. ಒಮ್ಮೆ ಸದ್ದು ಬಂದ ಕೀಲು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಸದ್ದು ಬಂದರೆ ಏನೋ ಕೂತಿತು ಅಂತಲೂ ಅಲ್ಲ, ಬರದಿದ್ದರೆ ಕೆಲಸ ಆಗಲಿಲ್ಲ ಅಂತಲೂ ಅಲ್ಲ. ಸದ್ದು ಬರುವವರೆಗೂ ಒಂದೇ ಜಾಗಕ್ಕೆ ನಾಲ್ಕೈದು ಸಲ ಜೋರಿನ ಒತ್ತು ಕೊಡುವವರಿಂದ ದೂರ ಇರಿ.

ಹಾಗಾದರೆ ಇದರಿಂದ ಉಪಯೋಗವೇ ಇಲ್ಲವೇ? ಇದೆ, ಆದರೆ ಮಿತಿಯಲ್ಲಿ. 100ರಿಂದ 200 ಮಿಲಿಸೆಕೆಂಡಿನೊಳಗೆ ಕೊಡುವ ಆ ಚಿಕ್ಕ ವೇಗದ ಒತ್ತು ಬಿಗಿದ ಸ್ನಾಯುವನ್ನು ಸಡಿಲಿಸುತ್ತೆ, ನೋವಿನ ಸಂಕೇತವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತೆ, ಬಗ್ಗಲು ತಿರುಗಲು ದಾರಿ ಮಾಡಿಕೊಡುತ್ತೆ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿದರೆ ಲಾಭ ನಿಲ್ಲುತ್ತೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಇದನ್ನೇ ಹೇಳುತ್ತೆ: ಕೈಚಿಕಿತ್ಸೆ ವ್ಯಾಯಾಮದ ಜೊತೆಗೆ ಮಾತ್ರ, ಒಂಟಿಯಾಗಿ ಬೇಡ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನುವ ವೈದ್ಯರ ಸಂಸ್ಥೆಯ 2017ರ ಮಾರ್ಗಸೂಚಿ, ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಎರಡರಲ್ಲೂ ಸೊಂಟನೋವಿಗೆ ಇದೂ ಒಂದು ಆಯ್ಕೆ. ಇದೊಂದೇ ಅಂತ ಎಲ್ಲೂ ಇಲ್ಲ. ಅಂದಹಾಗೆ, ಸೊಂಟದ ಬೆಲ್ಟ್, ಟ್ರಾಕ್ಷನ್ (ಬೆನ್ನನ್ನು ಜಗ್ಗಿ ಎಳೆಯುವುದು) ಎರಡೂ ಬೇಡ ಅಂತ ನೈಸ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಇಬ್ಬರೂ ಹೇಳಿದ್ದಾರೆ. ನಮ್ಮಲ್ಲಿ ಮೊದಲು ಬರೆದುಕೊಡುವುದೇ ಅವೆರಡನ್ನು.

ಇನ್ನು ನಿಮ್ಮಣ್ಣ. ಎಲ್4-ಎಲ್5 ಡಿಸ್ಕು ಸಾಮಾನ್ಯವಾಗಿ ಒತ್ತುವುದು ಎಲ್5 ನರವನ್ನು. ಆ ನರದ ಕೆಲಸ ಪಾದವನ್ನೂ ಹೆಬ್ಬೆರಳನ್ನೂ ಮೇಲಕ್ಕೆ ಎತ್ತುವುದು. ಪಾದದ ಮೇಲ್ಭಾಗದ ಸ್ಪರ್ಶವೂ ಅದರದ್ದೇ. ಮನೆಯಲ್ಲೇ ನೋಡಿ: ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಲಿ, ಎಡಪಾದ ನೆಲಕ್ಕೆ ಬೀಳುತ್ತಾ? ಎರಡೂ ಹೆಬ್ಬೆರಳನ್ನು ಮೇಲೆ ಎತ್ತಿ ಹಿಡಿಯಲಿ, ನೀವು ಬೆರಳಲ್ಲಿ ಕೆಳಗೆ ಒತ್ತಿ, ಎಡಗಡೆ ಸೋಲುತ್ತಾ? ಬಲ ಕಮ್ಮಿ ಇದ್ದರೆ, ಅಥವಾ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ಯಾವ ಕೈಚಿಕಿತ್ಸೆಯೂ ಬೇಡ, ವಾಪಸ್ ಡಾಕ್ಟರ ಹತ್ತಿರ. ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವುದು, ಎರಡೂ ಕಾಲಿಗೆ ನೋವು ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಮೂತ್ರಕೋಶದ ನರ ಮತ್ತೆ ಚೇತರಿಸಿಕೊಳ್ಳದೇ ಇರಬಹುದು.

ನಮ್ಮ ಕಡೆ ಇನ್ನೆರಡು ವಿಷಯ ಕೇಳಲೇಬೇಕು. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಹಸಿ ಹಾಲು ಕುಡಿಯುವ, ದನ ಕರು ಹಾಕುವಾಗ ಕೈಹಾಕುವ ಮನೆಗಳಲ್ಲಿ ಬ್ರೂಸೆಲ್ಲಾ ಸೋಂಕು ಬೆನ್ನಿಗೆ ಇಳಿಯುವುದುಂಟು. ಇಂಥ ಸೋಂಕಿನಲ್ಲಿ ಮಣಿ ಒಳಗಿನಿಂದ ಮೆದುವಾಗಿರಬಹುದು, ಒತ್ತಿದರೆ ಕುಸಿಯಬಹುದು. 45ರೊಳಗಿನವರಿಗೆ ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬೆನ್ನು ಸೆಟೆದು, ಓಡಾಡಿದ ಮೇಲೆ ಸಡಿಲವಾದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನಿನ ಮಣಿಗಳು ಬೆಸೆದುಕೊಳ್ಳುವಂಥ ಉರಿಯೂತ) ಇದೆಯೇ ಅಂತ ನೋಡಿಸಬೇಕು. ಮಣಿಗಳು ಬೆಸೆದುಕೊಂಡ ಬೆನ್ನು ಬಿದಿರಿನ ಹಾಗೆ ಮುರಿಯುತ್ತೆ.

ಇವು ಯಾವುದೂ ಇಲ್ಲ, ಬಲ ಸರಿಯಿದೆ ಅಂದರೆ ಬಲ್ಜ್ ಒಂದೇ ಕಾರಣಕ್ಕೆ ಕೈಚಿಕಿತ್ಸೆ ನಿಷಿದ್ಧ ಅಲ್ಲ. ಆದರೆ ಮೀನಖಂಡದವರೆಗೆ ನೋವು ಇಳಿಯುವಾಗ ಸೊಂಟವನ್ನು ಜೋರಾಗಿ ತಿರುಚುವ ವಿಧಾನದಿಂದ ಶುರು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಮೆಲ್ಲಗಿನ ವಿಧಾನ, ಆಮೇಲೆ ಬೇಕಾದರೆ ಮುಂದಿನದು. ಪ್ರತಿ ಸಲ ನೋಡಬೇಕಾದ್ದು ಒಂದೇ: ನೋವು ಮೇಲಕ್ಕೆ ಬರುತ್ತಿದೆಯೋ, ಕೆಳಕ್ಕೆ ಇಳಿಯುತ್ತಿದೆಯೋ. ಮೀನಖಂಡ ಬಿಟ್ಟು ತೊಡೆಗೆ, ತೊಡೆ ಬಿಟ್ಟು ಸೊಂಟಕ್ಕೆ ಬಂದರೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನಿಸಿದರೂ, ಒಳ್ಳೆಯ ಸೂಚನೆ. ಪಾದದ ಕಡೆ ಇಳಿದರೆ ಅಲ್ಲಿಗೇ ನಿಲ್ಲಿಸಿ.

ಎಷ್ಟು ಸಲ? 24ಕ್ಕೆ ಯಾರಿಗೂ ಮುಂಗಡ ಕಟ್ಟಬೇಡಿ. ವಾರಕ್ಕೆ 2 ಅಥವಾ 3ರಂತೆ ಒಟ್ಟು 6 ಸಲ ನೋಡಿ, ಅಲ್ಲಿ ನಿಂತು ಅಳೆಯಿರಿ. ಆಸ್ವೆಸ್ಟ್ರಿ ಅನ್ನುವ ಪ್ರಶ್ನಾವಳಿ ಇದೆ: 10 ವಿಭಾಗ (ಕೂರುವುದು, ನಿಲ್ಲುವುದು, ಎತ್ತುವುದು, ನಿದ್ದೆ ಇತ್ಯಾದಿ), ಒಂದೊಂದಕ್ಕೂ 0ಯಿಂದ 5 ಅಂಕ. ಒಟ್ಟು ಅಂಕವನ್ನು ಎರಡರಿಂದ ಗುಣಿಸಿದರೆ ನೂರಕ್ಕೆ ಎಷ್ಟು ತೊಂದರೆ ಅಂತ ಬರುತ್ತೆ. ಮೊದಲ ದಿನ 46 ಇದ್ದದ್ದು ಎರಡು ಮೂರು ವಾರದಲ್ಲಿ 32ಕ್ಕಾದರೂ ಇಳಿಯಬೇಕು, ಅಂದರೆ ಶೇ 30ರಷ್ಟು. 44ರಲ್ಲೇ ಕೂತಿದ್ದರೆ ಇನ್ನೂ 18 ಸಿಟ್ಟಿಂಗ್ ಹೆಚ್ಚಿಗೆ ಏನೂ ಕೊಡುವುದಿಲ್ಲ. ಇಂಥ ಕಾಲುನೋವು ಬಹಳ ಜನರಿಗೆ 6ರಿಂದ 12 ವಾರದಲ್ಲಿ ತಾನಾಗಿಯೇ ಇಳಿಯುತ್ತೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮಣ್ಣ ಆಗಲೇ ಐದನೇ ವಾರದಲ್ಲಿದ್ದಾರೆ. ಆರಾಮಾದ ಶ್ರೇಯಸ್ಸು ಯಾವ ಪ್ಯಾಕೇಜಿಗೆ ಹೋಗುತ್ತೋ ಹೇಳಲಾಗದು.

ಚಿಕಿತ್ಸೆಯ ಮರುದಿನ ಮೈಕೈ ನೋವು, ಸುಸ್ತು, ಸಣ್ಣ ತಲೆನೋವು ಸಾಮಾನ್ಯ. 24ರಿಂದ 48 ಗಂಟೆಯಲ್ಲಿ ಹೋಗಬೇಕು. "ವಿಷ ಹೊರಗೆ ಬರ್ತಿದೆ, ನೀರು ಕುಡೀರಿ" ಅನ್ನುವುದಕ್ಕೆ ಆಧಾರವಿಲ್ಲ.

ತುಂಗಾತೀರ

ತುಂಬಾ ಧನ್ಯವಾದ ಸರ್. ಹಿಮ್ಮಡಿ ಮೇಲೆ ಸರಿಯಾಗೇ ನಡೆದ, ಹೆಬ್ಬೆರಳೂ ಎರಡೂ ಕಡೆ ಒಂದೇ ಬಲ. ಜ್ವರ, ತೂಕ ಇಳಿಯೋದು ಏನೂ ಇಲ್ಲ. ಅಮ್ಮನ ಕುತ್ತಿಗೆ ಬಗ್ಗೆ ಯಾರಾದರೂ ಹೇಳ್ತೀರಾ?

ನರವಿಭಾಗ_ಓಪಿಡಿ

ಅಮ್ಮನ ಕುತ್ತಿಗೆಗೆ ಥಟ್ಟನೆ ತಿರುಗಿಸುವ ಚಿಕಿತ್ಸೆ ಬೇಡ. ಕಾರಣ ಗೊತ್ತಿದ್ದರೆ ಅವರಿಗೂ ಹೇಳಿ ಒಪ್ಪಿಸಬಹುದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ವರ್ಟಿಬ್ರಲ್ ಧಮನಿಗಳು ಎರಡು. ಕುತ್ತಿಗೆಯ ಆರನೇ ಮಣಿಯಿಂದ ಮೊದಲನೇ ಮಣಿಯವರೆಗೆ, ಮಣಿಗಳ ಪಕ್ಕದ ತೂತುಗಳೊಳಗೇ ಹಾದು, ಮೊದಲನೇ ಮಣಿಯ ಮೇಲೆ ಒಂದು ಬಳಸು ಸುತ್ತಿ ತಲೆಬುರುಡೆ ಸೇರುತ್ತವೆ. ನಾವು ಕತ್ತು ತಿರುಗಿಸುವುದರಲ್ಲಿ ಸುಮಾರು ಅರ್ಧ ಪಾಲು ಮೊದಲನೇ ಮತ್ತು ಎರಡನೇ ಮಣಿಯ ನಡುವೆಯೇ ನಡೆಯುತ್ತೆ, ಸರಿಯಾಗಿ ಆ ಬಳಸಿನ ಜಾಗದಲ್ಲಿ. ಅಲ್ಲಿ ಜೋರಾಗಿ ಎಳೆತ ಬಿದ್ದರೆ ಧಮನಿಯ ಒಳಪದರ ಸೀಳಬಹುದು. ಸೀಳಿನೊಳಗೆ ರಕ್ತ ನುಗ್ಗಿ, ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಪರೂಪ, ನಿಜ. ಆದರೆ ಆದವರಿಗೆ ಬದುಕೇ ತಲೆಕೆಳಗು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಧಮನಿ ಆಗಲೇ ಸೀಳಲು ಶುರುವಾಗಿದ್ದರೆ ಅದರ ಮೊದಲ ಲಕ್ಷಣವೇ ಕುತ್ತಿಗೆ ನೋವು, ತಲೆನೋವು. ಆ ನೋವಿಗಾಗಿಯೇ ಜನ ಕೈರೋಪ್ರಾಕ್ಟರ್ ಹತ್ತಿರ ಹೋಗುತ್ತಾರೆ. ಕೆನಡಾದ ಒಂಟಾರಿಯೋ ದಾಖಲೆಗಳ ಮೇಲೆ 2008ರಲ್ಲಿ ಬಂದ ಅಧ್ಯಯನದಲ್ಲಿ, ಇಂಥ ಪಾರ್ಶ್ವವಾಯುವಿನ ನಂಟು ಕೈರೋಪ್ರಾಕ್ಟರ್ ಭೇಟಿಗೆ ಎಷ್ಟಿತ್ತೋ ಸಾಮಾನ್ಯ ವೈದ್ಯರ ಭೇಟಿಗೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಹಾಗಾಗಿ ಎಲ್ಲ ಪ್ರಕರಣಕ್ಕೂ ತಿರುಗಿಸಿದ್ದೇ ಕಾರಣ ಅನ್ನಲು ಬರುವುದಿಲ್ಲ. ಆದರೂ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ, ಕುತ್ತಿಗೆ ತಿರುಗಿಸುವ ಮೊದಲು ಈ ನಂಟಿನ ವಿಚಾರ ರೋಗಿಗೆ ತಿಳಿಸಬೇಕು ಅಂದಿದೆ. ನಿಮ್ಮ ಸೆಂಟರಿನವರು ತಿಳಿಸಿದರಾ, ಕೇಳಿ.

"ಇದುವರೆಗೆ ಇಂಥ ನೋವು ಬಂದೇ ಇರಲಿಲ್ಲ" ಅನ್ನುವಂಥ ಹೊಸ, ಒಂದೇ ಪಕ್ಕದ ಕುತ್ತಿಗೆ ಅಥವಾ ತಲೆನೋವು, ಜೊತೆಗೆ ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ನಡೆಯುವಾಗ ಒಂದು ಕಡೆಗೆ ವಾಲುವುದು, ಮುಖದ ಒಂದು ಪಕ್ಕ ಜೋಮು, ಒಂದು ಕಣ್ಣಿನ ರೆಪ್ಪೆ ಇಳಿಬೀಳುವುದು: ಇವಿದ್ದರೆ ಯಾರೂ ಕುತ್ತಿಗೆ ಮುಟ್ಟಬಾರದು. ಚಿಕಿತ್ಸೆಯಾದ ಮೇಲೆ ಇವು ಕೂಡಲೇ ಬರಬಹುದು, ಗಂಟೆಗಳ ಅಥವಾ ದಿನಗಳ ನಂತರವೂ ಬರಬಹುದು. ಬಂದರೆ ಮಲಗಿ ನೋಡೋಣ ಅನ್ನಬೇಡಿ, 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಕಾಲ ಲಕ್ಷಣ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆ. ಯಾವಾಗ ಶುರುವಾಯಿತು, ಕುತ್ತಿಗೆಗೆ ಏನು ಮಾಡಿಸಿದ್ದರು, ಎರಡನ್ನೂ ತುರ್ತು ವಿಭಾಗದಲ್ಲಿ ಮೊದಲ ಮಾತಿನಲ್ಲೇ ಹೇಳಿ.

ಇದೇ ಮಾತು ಸಲೂನಿಗೂ ಅನ್ವಯಿಸುತ್ತೆ. ಕಟಿಂಗ್ ಆದಮೇಲೆ ತಲೆ ಮಾಲೀಷು ಮಾಡಿ ಗದ್ದ ಹಿಡಿದು ಲಟ್ ಅನಿಸುವ ಅಭ್ಯಾಸ ನಮ್ಮ ಊರೂರಲ್ಲೂ ಇದೆ. ಹಾಗೆ ಮಾಡಿಸಿಕೊಂಡವರಿಗೆ ಪಾರ್ಶ್ವವಾಯು ಬಂದ ಸುದ್ದಿ 2024ರಲ್ಲಿ ನಮ್ಮ ಪತ್ರಿಕೆಗಳಲ್ಲೇ ಬಂದಿತ್ತು. ಮಾಲೀಷು ಸಾಕು, ಕುತ್ತಿಗೆ ಬೇಡ ಅಂತ ಮೊದಲೇ ಹೇಳಿಬಿಡಿ.

ನಿಮ್ಮ ಅಮ್ಮನ ವಿಷಯದಲ್ಲಿ ಇನ್ನೂ ಮೂರು ಅಡ್ಡಿ ಇವೆ. ರಕ್ತ ತೆಳು ಮಾಡುವ ಮಾತ್ರೆಯಿಂದ ಒಳಗೆ ರಕ್ತ ಸೋರುವ ಅಪಾಯ ಜಾಸ್ತಿ. ಇದಕ್ಕಾಗಿ ಮಾತ್ರೆ ನಿಲ್ಲಿಸುವ ಯೋಚನೆಯನ್ನಂತೂ ಮಾಡಲೇಬೇಡಿ, ಸ್ಟೆಂಟ್ ಕಟ್ಟಿಕೊಳ್ಳಬಹುದು. 65 ದಾಟಿದ ಹೆಂಗಸರಲ್ಲಿ ಮೂಳೆ ಸವೆತ ಸಾಮಾನ್ಯ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಜೋರಿನ ಒತ್ತು ಎಲ್ಲಿಗೂ ಬೇಡ. ಮೂರನೆಯದು ಎಲ್ಲರೂ ಮರೆಯುವಂಥದ್ದು, ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿಕೊಂಡಿರುವುದು. ಇದರಲ್ಲಿ ನೋವು ಅಷ್ಟಾಗಿ ಇರುವುದೇ ಇಲ್ಲ. ರವಿಕೆಯ ಹುಕ್ಕು ಹಾಕಲು ತಡವಾಗುವುದು, ಲೋಟ ಕೈಜಾರುವುದು, ಹೂ ಕಟ್ಟಲು ಬೆರಳು ಮಾತು ಕೇಳದಿರುವುದು, ಕತ್ತಲಲ್ಲಿ ನಡೆಯುವಾಗ ತೂರಾಡುವುದು, ಹೀಗೆ ಶುರುವಾಗುತ್ತೆ. ಮನೆಯಲ್ಲೇ ಮಾಡುವ ಪರೀಕ್ಷೆ: ಮುಷ್ಟಿಯನ್ನು ಪೂರ್ತಿ ಬಿಗಿದು ಪೂರ್ತಿ ಬಿಚ್ಚುವುದನ್ನು 10 ಸೆಕೆಂಡಿನಲ್ಲಿ ಎಷ್ಟು ಸಲ ಮಾಡುತ್ತಾರೆ ಎಣಿಸಿ. 20 ಸಲ ಆಗಬೇಕು. ಎರಡೂ ಕೈಗೆ ಬೇರೆ ಬೇರೆ ನೋಡಿ.

ಎಡಿಸನ್_ಕನ್ನಡಿಗ

ಮಾಡುವವರು ಡಾಕ್ಟರಾ ಅನ್ನುವ ಪ್ರಶ್ನೆಗೆ ಉತ್ತರ ದೇಶದ ಮೇಲೆ ಹೋಗುತ್ತೆ. ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದಲ್ಲಿ, 1895ರಲ್ಲಿ, ಅಯೋವಾದ ಡ್ಯಾವೆನ್‌ಪೋರ್ಟ್ ಊರಿನಲ್ಲಿ. ಡಿ. ಡಿ. ಪಾಮರ್ ಅನ್ನುವವರು ಶುರು ಮಾಡಿದ್ದು. ಮಣಿ ಸ್ವಲ್ಪ ವಾರೆಯಾದರೆ ನರದ ಹರಿವು ತಡೆದು ಬಹುತೇಕ ಎಲ್ಲ ಕಾಯಿಲೆಯೂ ಬರುತ್ತೆ ಅಂತ ಅವರ ನಂಬಿಕೆ. ಅದಕ್ಕೆ ಸಬ್‌ಲಕ್ಸೇಷನ್ ಅಂದರು. ನಿಮಗೆ ಹೇಳಿದ "ಮೂಳೆ ಜರುಗಿದೆ" ಅಲ್ಲಿಂದಲೇ ಬಂದ ಮಾತು. ಇವತ್ತು ಈ ವೃತ್ತಿಯೊಳಗೇ ಎರಡು ಬಣ ಇವೆ. ಒಂದು ಬಣ ಸೊಂಟ, ಕುತ್ತಿಗೆ, ಕೀಲಿನ ನೋವಿಗೆ ಮಾತ್ರ ತನ್ನ ಕೆಲಸ ಅನ್ನುತ್ತೆ. ಇನ್ನೊಂದು ಇನ್ನೂ ಆ ಹಳೇ ನಂಬಿಕೆ ಹಿಡಿದುಕೊಂಡಿದೆ. ಮೊದಲ ಬಣದವರನ್ನು ಹುಡುಕಿ. ಗುರುತು ಸುಲಭ: ಬಿಪಿ, ಶುಗರ್, ಥೈರಾಯ್ಡ್, ಅಸ್ತಮಾ ವಾಸಿಯಾಗುತ್ತೆ ಅಂದರೆ, ಎಳೆಗೂಸಿನ ಬೆನ್ನು ಒತ್ತುತ್ತೇವೆ ಅಂದರೆ ಎದ್ದು ಬನ್ನಿ. ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಗೆ ಕೈಹಾಕಬೇಡಿ ಅಂತ ತನ್ನವರಿಗೆ ತಾತ್ಕಾಲಿಕ ನಿಯಮ ಹೊರಡಿಸಿತ್ತು.

ಅಮೆರಿಕದಲ್ಲಿ ಪದವಿಯ ಓದಿನ ಮೇಲೆ ಸುಮಾರು ನಾಲ್ಕು ವರ್ಷದ ಡಿ.ಸಿ. (ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್) ಕೋರ್ಸ್, ನಾಲ್ಕು ಹಂತದ ರಾಷ್ಟ್ರೀಯ ಪರೀಕ್ಷೆ, ಆಮೇಲೆ ಆಯಾ ರಾಜ್ಯದ ಲೈಸೆನ್ಸ್. ಅವರು ಎಂಬಿಬಿಎಸ್ ಥರದ ವೈದ್ಯರಲ್ಲ, ಆದರೆ ಕಾನೂನಿನ ಕೈಕೆಳಗಿದ್ದಾರೆ. ಬ್ರಿಟನ್ನಿನಲ್ಲಿ 1994ರ ಕಾಯ್ದೆಯ ಪ್ರಕಾರ ಬಂದ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ ಇದೆ. ಭಾರತದಲ್ಲಿ ಇದಕ್ಕೆಂದೇ ಅಂಥ ಸರ್ಕಾರಿ ಪರಿಷತ್ತು ಇಲ್ಲ, ಆದ್ದರಿಂದ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿಯ ಪ್ರಕಾರ ಹೊಸಬರಿಗೆ ಕಡೇಪಕ್ಷ 4,200 ಗಂಟೆ ಓದು, ಅದರಲ್ಲಿ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿರಬೇಕು. ಶನಿವಾರ ಭಾನುವಾರದ ವರ್ಕ್‌ಶಾಪು ಇದರ ಹತ್ತಿರಕ್ಕೂ ಬರುವುದಿಲ್ಲ. ಯಾವ ಕಾಲೇಜು, ಯಾವ ವರ್ಷ, ಯಾವ ದೇಶದ ಲೈಸೆನ್ಸ್ ನಂಬರ್ ಅಂತ ಕೇಳಿ. ಹೊರದೇಶದ ಲೈಸೆನ್ಸ್ ಆದರೆ ಆ ಮಂಡಳಿಯ ಜಾಲತಾಣದಲ್ಲಿ ಹೆಸರು ಹಾಕಿ ಎರಡು ನಿಮಿಷದಲ್ಲಿ ನೋಡಬಹುದು. ಮಾಡುವವರು ಫಿಸಿಯೋಥೆರಪಿಸ್ಟ್ ಆಗಿದ್ದರೆ ಅವರ ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿ ಪದವಿ) ಕೇಳಿ. ಕರ್ನಾಟಕದಲ್ಲಾದರೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆ ಮೇಲಿದೆಯಾ ನೋಡಿ.

ಜೋರಿನ ಒತ್ತು ಇಲ್ಲದ ವಿಧಾನಗಳೂ ಇವೆ, ಅದನ್ನು ಹೆಸರು ಹಿಡಿದೇ ಕೇಳಬಹುದು. ಫ್ಲೆಕ್ಷನ್-ಡಿಸ್ಟ್ರಾಕ್ಷನ್‌ನಲ್ಲಿ ಬೋರಲು ಮಲಗಿಸಿ, ಮೇಜಿನ ಕೆಳಭಾಗವನ್ನು ನಿಧಾನ ಕೆಳಕ್ಕೆ ಬಗ್ಗಿಸಿ ಸೊಂಟ ಬಿಡಿಸುತ್ತಾರೆ; ಕಾಲಿಗೆ ನೋವು ಇಳಿಯುವವರಿಗೆ ಸಾಮಾನ್ಯವಾಗಿ ಇದನ್ನೇ ಆರಿಸುತ್ತಾರೆ. ಥಾಂಪ್ಸನ್ ಡ್ರಾಪ್ ಮೇಜಿನಲ್ಲಿ ಒತ್ತಿದಾಗ ಮೇಜಿನ ಒಂದು ತುಂಡು ಚೂರು ಕೆಳಗೆ ಬೀಳುತ್ತೆ, ಧಡ್ ಅನ್ನುವ ಸದ್ದು ಮೇಜಿನದು, ಬೆನ್ನಿನದಲ್ಲ. ಆಕ್ಟಿವೇಟರ್ ಅನ್ನುವುದು ಸ್ಪ್ರಿಂಗ್ ಇರುವ ಪೆನ್ನಿನಂಥ ಸಾಧನ.

ಎಕ್ಸ್‌ರೇ ಎಲ್ಲರಿಗೂ ಬೇಕು ಅಂದರೆ ಒಪ್ಪಬೇಡಿ. ಅಪಾಯದ ಲಕ್ಷಣ ಇಲ್ಲದ ಹೊಸ ಸೊಂಟನೋವಿಗೆ ಮೊದಲ ಆರು ವಾರ ಎಕ್ಸ್‌ರೇ ಬೇಡ ಅಂತ ಅಮೆರಿಕನ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ 2017ರಲ್ಲೇ ಹೇಳಿದೆ. ಸೊಂಟದ ಎಕ್ಸ್‌ರೇ ಒಂದು ಸೆಟ್ ಅಂದರೆ ಸುಮಾರು 1.5 ಮಿಲಿಸೀವರ್ಟ್ ವಿಕಿರಣ, ಪ್ರಕೃತಿಯಿಂದ ಆರೇಳು ತಿಂಗಳಲ್ಲಿ ನಮ್ಮ ಮೈಗೆ ತಾಗುವಷ್ಟು. ಬೇಕಿದ್ದಾಗ ತೆಗೆಸಲಿ, ತಿಂಗಳಿಗೊಮ್ಮೆ "ಎಷ್ಟು ನೇರ ಆಯ್ತು" ನೋಡಲು ಬೇಡ.

ಎಷ್ಟು ಸಲ ಅಂತ ಫಿಸಿಯೋ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗುಣವಾದ ಮೇಲೂ ಆಗಾಗ ಬರುವುದು ಪೂರ್ತಿ ವ್ಯರ್ಥ ಅಲ್ಲ. 2018ರಲ್ಲಿ ಸ್ವೀಡನ್ನಿನ ಪ್ರಯೋಗದಲ್ಲಿ, ಮರುಕಳಿಸುವ ಸೊಂಟನೋವಿಗೆ ಮೊದಲ ಚಿಕಿತ್ಸೆ ಹಿಡಿಸಿದವರನ್ನು ಮಾತ್ರ ಆರಿಸಿ, ನಿಗದಿತ ಅವಧಿಗೊಮ್ಮೆ ಕರೆದಾಗ ವರ್ಷದಲ್ಲಿ ಸುಮಾರು 13 ನೋವಿನ ದಿನ ಕಡಿಮೆಯಾದವು.

ಫಿಸಿಯೋ_ಮೈಸೂರು

ಆ ಪ್ರಯೋಗ ಗೊತ್ತು. ಮೊದಲ ಚಿಕಿತ್ಸೆ ಹಿಡಿಸಿದವರು ಅನ್ನುವ ಷರತ್ತೇ ಅದರ ಜೀವಾಳ. ಹಿಡಿಸುತ್ತೋ ಇಲ್ಲವೋ ತಿಳಿಯುವ ಮೊದಲೇ 24ಕ್ಕೆ ದುಡ್ಡು ಕಟ್ಟಿಸಿಕೊಳ್ಳಲು ಅದನ್ನು ಸಾಕ್ಷಿ ಮಾಡಿಕೊಳ್ಳುವ ಹಾಗಿಲ್ಲ. ಆಮೇಲೆ, ವರ್ಷಕ್ಕೆ 13 ದಿನಕ್ಕಾಗಿ ಎಷ್ಟು ಖರ್ಚು ಮಾಡಬಹುದು ಅನ್ನುವುದನ್ನು ಆ ಮನೆಯವರೇ ತೀರ್ಮಾನಿಸಬೇಕು. ನಡಿಗೆ ಪುಕ್ಕಟೆ.

ಸಾಧನಕೇರಿ

ನಡಿಗಿ ಬಗ್ಗೆ ಬರಿಯೋಣಂತನ ಬಂದೆ. 2024ರಾಗ ಆಸ್ಟ್ರೇಲಿಯಾದ ಮೆಕ್ವಾರಿ ವಿಶ್ವವಿದ್ಯಾಲಯದವರು ಸೊಂಟನೋವು ಹೋಗಿ ಆರಾಮಾದ ಮಂದಿನ್ನ ಎರಡು ಗುಂಪು ಮಾಡಿ ನೋಡ್ಯಾರ. ಒಂದು ಗುಂಪಿಗೆ ನಿಧಾನಕ ಏರಿಸ್ಕೋತ ವಾರಕ್ಕ ಐದು ದಿನ, 30 ನಿಮಿಷದ ತನಕ ನಡಿಸಿದ್ರು. ನಡದವರಿಗೆ ನೋವು ವಾಪಸ್ ಬರಾಕ ನಡುಮಟ್ಟದ ಲೆಕ್ಕದಾಗ 208 ದಿನ ಹಿಡೀತು, ಸುಮ್ನಿದ್ದವರಿಗೆ 112. ಇಷ್ಟು ಅಗ್ಗದ್ದು ಮತ್ತೊಂದಿಲ್ರಿ.

ತುಂಗಾತೀರ ಅವರ, ನಿಮ್ಮಣ್ಣಾವರಿಗೆ ಕುಂತ್ರ ಜಾಸ್ತಿ, ನಡದ್ರ ಕಡಿಮಿ ಅಂತ ಬರದೀರಿ. ಅಂಥವರಿಗೆ ಬಾಗಿ ಕಾಲ್ಬೆರಳು ಮುಟ್ಟೋದು, ಮಕ್ಕೊಂಡು ಎರಡೂ ಮೊಣಕಾಲು ಎದಿಗೆ ಎಳಕೊಳ್ಳೋದು ಸದ್ಯಕ್ಕ ಬ್ಯಾಡ್ರಿ. ಬೋರಲ ಮಕ್ಕೊಳ್ಳಿ, ಎರಡು ನಿಮಿಷ ಸುಮ್ನ. ಆಮ್ಯಾಲ ಮೊಣಕೈ ಊರಿ ಎದಿ ಎತ್ತಲಿ, ಸೊಂಟ ನೆಲಕ್ಕ ಇರ್ಲಿ, ಎರಡು ನಿಮಿಷ. ಅದು ಹಿಡಿಸಿದ್ರ ಅಂಗೈ ಊರಿ 10 ಸಲ ಏಳೋದು ಇಳಿಯೋದು, ಎರಡು ಮೂರು ತಾಸಿಗೊಮ್ಮೆ. ಕಾಲಿನ ನೋವು ಮ್ಯಾಲ ಸರೀತಂದ್ರ ಮುಂದುವರಸ್ರಿ, ಕೆಳಗ ಇಳೀತಂದ್ರ ಬಿಟ್ಟುಬಿಡ್ರಿ. ಒಂದೆರಡು ವಾರದ ಮ್ಯಾಲ ಅಂಬೆಗಾಲಿನಾಗ ನಿಂತು ಬಲಗೈ ಎಡಗಾಲು ಚಾಚಿ 10 ಸೆಕೆಂಡ್ ಹಿಡಿಯೋದು, ಮತ್ತ ಆ ಕಡೆ. ಮೊದಲ 6 ಸಲ, ಸ್ವಲ್ಪ ದಮ್ಮು ತಗೊಂಡು 4, ಆಮ್ಯಾಲ 2. ಸೊಂಟದ ಮ್ಯಾಲ ನೀರಿನ ಲೋಟ ಇಟ್ರ ಚೆಲ್ಲಬಾರದು, ಹಂಗ ಇರಬೇಕು.

ಎದ್ದ ಮೊದಲ ತಾಸು ಬಗ್ಗಿ ಕೊಡ ಎತ್ತೋದು, ಬಗ್ಗಿ ಕಸ ಹೊಡಿಯೋದು ಬ್ಯಾಡ. ರಾತ್ರಿಯೆಲ್ಲಾ ಮಕ್ಕೊಂಡಾಗ ಡಿಸ್ಕಿನಾಗ ನೀರು ತುಂಬಿ ಉಬ್ಬಿರ್ತದ, ಬಗ್ಗಿದ್ರ ಒತ್ತಡ ಜಾಸ್ತಿ. ಗಾಡಿ ಮ್ಯಾಲ ಹೋದ್ರ ತಗ್ಗು ಬಂದಾಗ ಸೀಟಿನಿಂದ ಸ್ವಲ್ಪ ಎದ್ದು ಕಾಲಿನ ಮ್ಯಾಲ ಭಾರ ಹಾಕ್ರಿ. ಬಿಸಿ ಶಾಖ 15-20 ನಿಮಿಷ ಕೊಡಬಹುದು, ಕಾಲಿಗೆ ಜೋಮಿದ್ದ ಕಡೆ ಮಾತ್ರ ಬ್ಯಾಡ, ಸುಟ್ರೂ ಗೊತ್ತಾಗಂಗಿಲ್ಲ.

ತುಂಗಾತೀರ

ಎಲ್ಲರಿಗೂ ಋಣಿ. ಪ್ಯಾಕೇಜು ಬೇಡ ಅಂತ ಹೇಳಿದ್ವಿ. ಅಣ್ಣ ಬೋರಲು ಮಲಗಿ ನೋಡಿದ, ನೋವು ಮೀನಖಂಡ ಬಿಟ್ಟು ತೊಡೆಗೆ ಬಂತು ಅಂದ. ಫಿಸಿಯೋ ಹತ್ತಿರ ಸೋಮವಾರಕ್ಕೆ ಹೇಳಿದೀವಿ.

ಇನ್ನೊಂದು. ಅಮ್ಮನಿಗೆ ಮುಷ್ಟಿ ಪರೀಕ್ಷೆ ಮಾಡಿಸಿದೆ. ಬಲಗೈ 13, ಎಡಗೈ 14. ಬೆರಳು ಬಿಚ್ಚೋದೇ ನಿಧಾನ. ಕೇಳಿದರೆ ಒಂದು ವರ್ಷದಿಂದ ಹೂ ಕಟ್ಟೋಕೆ ಆಗ್ತಿಲ್ಲ, ವಯಸ್ಸಾಯ್ತು ಅಂತ ಸುಮ್ಮನಿದ್ದೆ ಅಂದರು. ಏನು ಮಾಡಲಿ?

ನರವಿಭಾಗ_ಓಪಿಡಿ

ಈ ವಾರವೇ ನರರೋಗ ಅಥವಾ ಬೆನ್ನುಮೂಳೆ ತಜ್ಞರಿಗೆ ತೋರಿಸಿ. ಬೆರಳಿನ ಸಂಧಿವಾತದಿಂದಲೂ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೂ ಈ ಸಂಖ್ಯೆ ಇಳಿಯಬಹುದು, ಆದ್ದರಿಂದ ಈಗಲೇ ಗಾಬರಿ ಬೇಡ. ಆದರೆ ಬೆನ್ನುಹುರಿ ಒತ್ತಿಕೊಂಡಿಲ್ಲ ಅಂತ ಖಚಿತವಾಗುವವರೆಗೆ ಕುತ್ತಿಗೆಗೆ ತಿರುಗಿಸುವುದು, ಎಳೆಯುವುದು, ಗಟ್ಟಿ ಮಾಲೀಷು, ಟ್ರಾಕ್ಷನ್ ಯಾವುದೂ ಬೇಡ. ಯೂಟ್ಯೂಬಿನಲ್ಲಿ ಗದ್ದಕ್ಕೆ ಪಟ್ಟಿ ಕಟ್ಟಿ ಜಗ್ಗುವ ವೈ-ಸ್ಟ್ರಾಪ್ ತೋರಿಸುತ್ತಾರಲ್ಲ, ಅದಂತೂ ಹತ್ತಿರ ಸುಳಿಯಬಾರದು.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಮುಷ್ಟಿ ಪರೀಕ್ಷೆಯ ಎರಡೂ ಸಂಖ್ಯೆ, ಹೂ ಕಟ್ಟಲು ಯಾವಾಗಿಂದ ಕಷ್ಟ, ನಡಿಗೆಯಲ್ಲಿ ತೂರಾಟ ಇದೆಯೇ, ಮೂತ್ರಕ್ಕೆ ಅವಸರ ಆಗುತ್ತದೆಯೇ, ಬಿದ್ದಿದ್ದಾರೆಯೇ, ನಡೆಯುತ್ತಿರುವ ಮಾತ್ರೆಗಳೆಲ್ಲ. ಡಾಕ್ಟರು ಮಂಡಿಯ ಸುತ್ತಿಗೆ ಪರೀಕ್ಷೆ, ಅಂಗಾಲು ಗೀರುವ ಪರೀಕ್ಷೆ, ಒಂದರ ಮುಂದೊಂದು ಪಾದ ಇಟ್ಟು ನಡೆಸುವ ಪರೀಕ್ಷೆ ಮಾಡುತ್ತಾರೆ. ಅಗತ್ಯ ಕಂಡರೆ ಕುತ್ತಿಗೆಯ ಎಂಆರ್‌ಐ ಬರೆಯುತ್ತಾರೆ. ಸ್ಟೆಂಟ್ ಇದೆ ಅಂತ ಸ್ಕ್ಯಾನ್ ಸೆಂಟರಿನಲ್ಲಿ ಮೊದಲೇ ಹೇಳಿ, ಸ್ಟೆಂಟ್ ಹಾಕಿದಾಗ ಕೊಟ್ಟ ಕಾರ್ಡ್ ಜೊತೆಗಿರಲಿ. ಸಾಮಾನ್ಯವಾಗಿ ಅದರಿಂದ ಸ್ಕ್ಯಾನಿಗೆ ಅಡ್ಡಿಯಾಗುವುದಿಲ್ಲ. ಅಲ್ಲಿಯವರೆಗೆ ಬಾತ್‌ರೂಮಿನಲ್ಲಿ ಜಾರದ ಮ್ಯಾಟ್ ಹಾಕಿ, ರಾತ್ರಿ ಒಂದು ಲೈಟ್ ಉರಿಯಲಿ. ಹುರಿ ಒತ್ತಿಕೊಂಡಿರುವವರು ಬಿದ್ದರೆ ಸಣ್ಣ ಪೆಟ್ಟಿಗೂ ಕೈಕಾಲು ಸೋಲಬಹುದು.